ಕಂಬದ ಹತ್ತಿರ ಬಿದ್ದ ಧೂಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ಲೆನ್ಸಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಆ ಕಡೆ ಸರಿಸಿದರೆ ಫೋಕಸ್ಸನ್ನು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ, ಈ ಕಡೆ ಸರಿಸಿದರೆ ನಾವು ಕೈಯಿಂದ ತಿರುಗಿಸಿ ಹಿಡಿಯಬೇಕು. ಸರಿಸಲು ಒಂದು ಸೆಕೆಂಡೂ ಬೇಡ. ಸರಿಸಬೇಕಾದ ಆ ಹೊತ್ತಿನಲ್ಲಿ ನಾನು ಮಂತ್ರ ಹೇಳುವ ಅಯ್ಯನವರ ಮೂಗಿನ ದನಿ ತೆಗೆದು ಮದುಮಗಳ ಗೆಳತಿಯರನ್ನು ನಗಿಸುತ್ತಿದ್ದೆ.

ಆಗ ಗಂಗಾವತಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಊರು ಕುಷ್ಟಗಿ ಕಡೆ. ನನ್ನ ಮುಖ ಒಮ್ಮೆ ನೋಡಿದವರಿಗೆ ಎರಡನೆಯ ಸಲ ನೆನಪಾಗುವಂಥದ್ದಲ್ಲ. ಬೇರೆಯವರ ದನಿಯಲ್ಲಿ ಮಾತಾಡಿದರೆ ಮಾತ್ರ ಜನ ತಿರುಗಿ ನೋಡುತ್ತಿದ್ದರು. ಹಾಗಾಗಿ ಸಿಕ್ಕವರನ್ನೆಲ್ಲ ಅಣಕಿಸುತ್ತಿದ್ದೆ. ಬಸ್ ಕಂಡಕ್ಟರು, ಕಾಲುವೆ ಕಡೆಯ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರು, ನಮ್ಮಪ್ಪ, ಎಲ್ಲರಿಗಿಂತ ಹೆಚ್ಚಾಗಿ ಸ್ಟುಡಿಯೋ ಮಾಲೀಕರು. ಅವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಮೂರು ಸಲ ಕೆಮ್ಮಿ, ಕನ್ನಡಕ ಹಣೆಗೇರಿಸಿಯೇ ಅವರ ಮಾತು ಶುರು. ಚಹಾದಂಗಡಿಯಲ್ಲಿ ನಾನು ಆ ಮೂರು ಕೆಮ್ಮು ಕೆಮ್ಮಿದರೆ ಅಂಗಡಿಯವನು ಹಿಂದೆ ನೋಡದೆಯೇ ಸಕ್ಕರೆ ಇಲ್ಲದ ಚಹಾ ಸೋಸುತ್ತಿದ್ದ.

ಅವರ ಮಾತುಗಳಲ್ಲಿ ನಾನು ಚೆನ್ನಾಗಿ ಆಡಿ ತೋರಿಸುತ್ತಿದ್ದದ್ದು ಮದುವೆಯ ಅಕ್ಷತೆಯ ಹೊತ್ತಿನ ಈ ಮಾತು: "ಅಕ್ಕಿಕಾಳು ಬೀಳೋ ಮುಂದ ಕ್ಯಾಮೆರಾನ ನಂಬಬ್ಯಾಡಲೇ. ಅದಕ್ಕ ಮದುಮಗಳೂ ಅಷ್ಟ, ಅಕ್ಕಿನೂ ಅಷ್ಟ. ಯಾವುದು ಮುಂದ ಬಂತೋ ಅದನ್ನ ಹಿಡಿತೈತಿ. ಮೊದ್ಲ ಮಾರಿಗೆ ಫೋಕಸ್ ಹಿಡಿ, ಗುಂಡಿ ಸರಿಸು, ಆಮ್ಯಾಲ ಕೈ ಹಚ್ಚಬ್ಯಾಡ." ಕೆಮ್ಮಿನ ಸಮೇತ, ಒಂದಕ್ಷರ ತಪ್ಪದಂತೆ ಹೇಳುತ್ತಿದ್ದೆ. ಹೇಳಲು ಬರುವುದೇ ಮಾಡಲು ಬರುವುದು ಎಂದುಕೊಂಡಿದ್ದೆ.

ಆ ಮದುವೆಯ ಹುಡುಗಿಯ ತಾಯಿ ರೈಸ್‌ಮಿಲ್ಲಿನಲ್ಲಿ ಅಕ್ಕಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಮಿಷನ್ನು ಬಿಟ್ಟ ಹರಳು, ಕಪ್ಪು ಕಾಳು ಹೆಕ್ಕುವ ಕೆಲಸ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮನೆತನದ ರೂಢಿಯಂತೆ ಗಂಡನಿಲ್ಲದವರು ಅಕ್ಕಿಕಾಳಿನ ಹೊತ್ತಿಗೆ ವೇದಿಕೆ ಹತ್ತುವುದಿಲ್ಲ. ಮಗಳ ಪಕ್ಕದಲ್ಲಿ ನಿಲ್ಲುವವರು ಮೈದುನ ಮತ್ತು ಅವನ ಹೆಂಡತಿ.

ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಆಕೆ ಬಂದು ನಿಂತರು.

"ತಮ್ಮಾ, ನೀ ಎಲ್ಲಾರನ್ನೂ ಅಣಕಸ್ತಿಯಂತ. ನನ್ನೊಬ್ಬಾಕಿನ್ನ ಬಿಡು."

"ನಿಮ್ಮನ್ನ ಎಲ್ಲಿ ಅಣಕಿಸ್ಲಿ ಅಕ್ಕಾರ? ನೀವು ಮಾತ ಆಡೂದಿಲ್ಲ."

ಆಕೆ ನಗಲಿಲ್ಲ. ಸಭಾಂಗಣದ ಹಿಂದಿನ ಕಂಬ ತೋರಿಸಿದರು. "ಅಕ್ಕಿಕಾಳು ಬೀಳೋ ಮುಂದ ನಾ ಅಲ್ಲಿ ನಿಂತಿರ್ತೀನಿ. ನಾನೂ ಅಲ್ಲಿಂದ ನಾಕ ಕಾಳ ಹಾಕ್ತೀನಿ. ಮುಟ್ಟೂದಿಲ್ಲ, ಗೊತ್ತೈತಿ. ನೀ ಮ್ಯಾಲ ನಿಂತು, ಆಕೀನೂ ನಾನೂ ಒಂದರಾಗ ಬರೂಹಂಗ ಒಂದ ಫೋಟೋ ತಗಿ. ಒಂದ ಸಾಕು."

"ಒಂದ್ಯಾಕ್ರಿ, ಹತ್ತು ತಗೀತೀನಿ," ಅಂದೆ, ಉಸ್ತಾದರ ದನಿಯಲ್ಲಿ.

ಎಲ್ಲರ ಕೈಗೆ ಹಂಚಿದ ಅಕ್ಕಿಯನ್ನೂ ಆಕೆಯೇ ಎರಡು ದಿನ ಕೂತು ಆರಿಸಿದ್ದರಂತೆ. ಮಗಳ ತಲೆಯ ಮೇಲೆ ಹರಳು ಬೀಳಬಾರದೆಂದು.

ನಾನು ವೇದಿಕೆಯ ಮೇಲೆ, ಮದುಮಗಳ ಹಿಂದೆ ಒಂದು ಮೂಲೆಗೆ ನಿಂತೆ. ಹತ್ತಿರದಲ್ಲಿ ಆಕೆಯ ಕೆನ್ನೆ ಮತ್ತು ಬಾಸಿಂಗದ ಅಂಚು, ದೂರದಲ್ಲಿ ಕಂಬ, ಕಂಬದ ಪಕ್ಕ ತಾಯಿ. ಜಾಗ ಸರಿಯಾಗಿಯೇ ಹಿಡಿದಿದ್ದೆ. ಅಷ್ಟು ಹೇಳಿಕೊಳ್ಳಲು ಬಿಡಿ. ಇನ್ನು ಕಂಬಕ್ಕೆ ಫೋಕಸ್ ಹಿಡಿದು ಗುಂಡಿ ಸರಿಸುವುದಷ್ಟೇ ಬಾಕಿ. ಆಗ ಗೆಳತಿಯರಲ್ಲೊಬ್ಬಳು "ಅಯ್ನಾರ ದನಿ ತಗೀರಿ ಅಣ್ಣಾರ" ಅಂದಳು. ತೆಗೆದೆ. ಕಿಸಕ್ಕೆಂದು ನಕ್ಕರು. ಇನ್ನೊಂದು ಸಲ ತೆಗೆದೆ. ಅಷ್ಟರಲ್ಲಿ ನಿಜವಾದ ಅಯ್ಯನವರ ಮಂತ್ರ ಮುಗಿದು, ವಾಲಗ ಏರಿ, ನೂರಾರು ಕೈಗಳಿಂದ ಅಕ್ಕಿ ಹಾರಿತು.

ಕ್ಯಾಮೆರಾ ಕಕ್ಕಾಬಿಕ್ಕಿಯಾಯಿತು. ಲೆನ್ಸು ಗುರ್ ಗುರ್ ಎಂದು ಮುಂದಕ್ಕೆ ಹೋಯಿತು, ಹಿಂದಕ್ಕೆ ಬಂತು, ಫೋಟೋ ತೆಗೆಯುವ ಗುಂಡಿ ಒತ್ತಿದರೂ ಫೋಟೋ ಬೀಳಲಿಲ್ಲ. ಮೂಗಿನ ಮುಂದೆ ಹಾರುವ ಕಾಳುಗಳನ್ನು ಒಂದರ ಹಿಂದೊಂದು ಬೆನ್ನಟ್ಟುತ್ತಿತ್ತು. ಹೇಗೋ ಮೂರು ಫೋಟೋ ಬಿದ್ದವು. ನಾಲ್ಕನೆಯದಕ್ಕೆ ನೋಡಿದರೆ ಕಂಬದ ಹತ್ತಿರ ಯಾರೂ ಇರಲಿಲ್ಲ. ಆಕೆ ಊಟದ ಎಲೆ ನೋಡಲು ಹೋಗಿಯಾಗಿತ್ತು.

ಮರುದಿನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಗಾಳಿಯಲ್ಲಿ ನಿಂತ ಅಕ್ಕಿಕಾಳುಗಳು ಎಣಿಸುವಷ್ಟು ಸ್ಪಷ್ಟ, ಒಂದರ ತುದಿ ಮುರಿದದ್ದೂ ಕಾಣುತ್ತಿತ್ತು. ಕಂಬದ ಪಕ್ಕದಲ್ಲಿ ಮಾತ್ರ ಒಲೆ ಊದಿದಾಗ ಏಳುವಂಥ ಒಂದು ಮಬ್ಬು. ಮಬ್ಬಿನ ಒಂದು ಭಾಗ ಮೇಲೆ ಎದ್ದಿತ್ತು. ಅದು ಆಕೆಯ ಕೈ.

ಉಸ್ತಾದರಿಗೆ ಸೆನ್ಸರಿಗೆ ಧೂಳು ಕೂತಿದೆ ಅಂದೆ. ಲೆನ್ಸು ಬಿಚ್ಚಿದರೆ ಒಳಗೆ ಕಾಣುವ, ಫೋಟೋ ಮೂಡುವ ಪುಟ್ಟ ಫಲಕವೇ ಸೆನ್ಸರು. ಅವರು ಕ್ಯಾಮೆರಾ ತೆಗೆದುಕೊಂಡು, ಬೆಳಕಿನ ಕಿಂಡಿಯನ್ನು ಪೂರ್ತಿ ಕಿರಿದು ಮಾಡಿ, ಸುಣ್ಣದ ಗೋಡೆಯ ಫೋಟೋ ತೆಗೆದರು. ಬಿಳಿಯ ಮೇಲಾದರೆ ಧೂಳು ಅಡಗುವುದಿಲ್ಲ. ಎಡಗಡೆ ಮೇಲಿನ ಮೂಲೆಯಲ್ಲಿ ಎಳ್ಳಿನಷ್ಟು ಎರಡು ಚುಕ್ಕಿ, ಅಷ್ಟೇ.

ಅವರು ಕೆಮ್ಮಲಿಲ್ಲ, ಕನ್ನಡಕವನ್ನೂ ಏರಿಸಲಿಲ್ಲ. "ಇದು ಧೂಳಿನ ಕೆಲಸ ಅಲ್ಲ. ಆಕಿ ಬಂದಾಗ ನೀನ ಹೇಳು. ನಿನ್ನ ದನಿಯಾಗ ಹೇಳು."

ಆಲ್ಬಮ್ಮಿನ ದಿನ ಆಕೆ ಮಿಲ್ಲಿನಿಂದ ಊಟದ ಬಿಡುವಿನಲ್ಲಿ ಬಂದರು, ರೆಪ್ಪೆಯ ಮೇಲೆಲ್ಲ ತೌಡಿನ ಪುಡಿ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಒಂದೊಂದೇ ಪುಟ ತಿರುಗಿಸಿದರು. ಮಬ್ಬಿನ ಪುಟ ಬಂದಾಗ ಅದರ ಮೇಲೆ ಬೆರಳಾಡಿಸಿದರು, ಒರೆಸಿದರೆ ಹೋದೀತೇನೋ ಎಂಬಂತೆ.

"ಇದು ನಾನ ಏನು?"

ನನ್ನ ದನಿಯಲ್ಲಿ ಹೇಳಬೇಕಿತ್ತು. ನನ್ನ ದನಿ ಎಲ್ಲಿತ್ತೋ, ಸಿಗಲಿಲ್ಲ. ಮೂರು ಸಲ ಕೆಮ್ಮಿದೆ. ಒಳಗೆ ಕೂತಿದ್ದ ಉಸ್ತಾದರಿಗೆ ಅದು ಕೇಳಿಸಿರಲೇಬೇಕು.

"ಧೂಳ್ರಿ ಅಕ್ಕಾರ. ಕ್ಯಾಮೆರಾದ ಒಳಗ ಧೂಳ ಕುಂತಿತ್ತು." ಗೋಡೆಯ ಫೋಟೋ ತೆರೆದು ಆ ಎರಡು ಚುಕ್ಕಿ ದೊಡ್ಡದು ಮಾಡಿ ತೋರಿಸಿದೆ. "ನೋಡ್ರಿ, ಇಲ್ಲಿ."

ಆಕೆ ಬಗ್ಗಿ ನೋಡಿದರು. ಮೊರದಲ್ಲಿ ಹರಳು ಹುಡುಕುವ ಕಣ್ಣು ಅದು. "ಇದು ಸರದಾಡತೈತೇನು?"

"ಇಲ್ರಿ, ಕುಂತಲ್ಲೇ ಕುಂತಿರ್ತೈತಿ. ಎಲ್ಲಾ ಫೋಟೋದಾಗೂ ಅದ ಜಾಗದಾಗ ಬರ್ತೈತಿ." ತಿಳಿದವನ ಹಾಗೆ ಹೇಳಿದೆ. ಮೇಲಿಂದ ಇನ್ನೊಂದನ್ನೂ ಸೇರಿಸಿದೆ: "ಬೇಕಂದ್ರ ನೀವೂ ಮಗಳೂ ಆನೆಗೊಂದಿಗೆ ಬರ್ರಿ, ಹೊಳಿ ದಂಡಿಗೆ ನಿಲ್ಲಿಸಿ ಛಂದ ಒಂದ ತಗೀತೀನಿ."

ಆಕೆ ಆಲ್ಬಮ್ಮನ್ನು ಮೊದಲಿನಿಂದ ತಿರುಗಿಸಿದರು. ಪ್ರತಿ ಫೋಟೋದಲ್ಲೂ ಕಂಬದ ಮಬ್ಬು ಇದ್ದ ಅದೇ ಜಾಗಕ್ಕೆ ಬೆರಳಿಟ್ಟರು. ಮೈದುನನ ಅಂಗಿ, ತಳಕಲ್ಲಿನಿಂದ ಬಂದ ಬೀಗರ ತಲೆಯ ಪಟಗ, ಹೋಳಿಗೆಯ ತಟ್ಟೆ, ಎಲ್ಲವೂ ನಿಚ್ಚಳ. ಕೊನೆಗೆ ಒಂದು ಪುಟದಲ್ಲಿ ಬೆರಳು ನಿಂತಿತು. ಅದು ನನ್ನದೇ ಫೋಟೋ. ಅದೇ ಬೆಳಿಗ್ಗೆ, ಅದೇ ಕ್ಯಾಮೆರಾದಲ್ಲಿ, ನಾನು ಅಯ್ಯನವರಂತೆ ಬಾಯಿ ತೆರೆದಾಗ ಗೆಳತಿಯೊಬ್ಬಳು ಅದನ್ನು ಕಸಿದುಕೊಂಡು ತೆಗೆದದ್ದು.

ಆಲ್ಬಮ್ಮು ಮುಚ್ಚಿ, ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತ ಆಕೆ ಅಂದರು:

"ಧೂಳ ಕುಂತಲ್ಲೇ ಕುಂತಿರ್ತೈತಿ ಅಂದಿ. ಇದರಾಗ ನಿನ್ನ ಹಲ್ಲ ಎಣಿಸಾಕ ಬರ್ತಾವು, ನಾ ಆರಿಸಿದ ಅಕ್ಕಿ ಎಣಿಸಾಕ ಬರ್ತಾವು. ನಾ ನಿಂತಲ್ಲಿ ಅಷ್ಟ ಬಿತ್ತೇನು ತಮ್ಮಾ, ಆ ಧೂಳ?"