ಗಾಳಿಗೆ ಗೆರೆ ಹಾಕದ ಮೇಷ್ಟ್ರು

ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕೆಂಪಗಿರುತ್ತಿತ್ತು. ಎಲೆಅಡಿಕೆ ಹಾಕುವವರಲ್ಲ, ಅದು ಸೋರುವ ಪೆನ್ನಿನ ಕೆಂಪು ಶಾಯಿ. ಅರುವತ್ತರ ದಶಕದ ಪುತ್ತೂರಿನಲ್ಲಿ ನಮ್ಮ ಕಾಲೇಜಿನ ಇತಿಹಾಸ ಮೇಷ್ಟ್ರು ಆ ಬೆರಳನ್ನು ಕಿಟಕಿಯಾಚೆ ಚಾಚಿ, ಕಣ್ಣು ಅರೆಮುಚ್ಚಿ, ಹಳೆಯ ಯುರೋಪನ್ನು ತೋರಿಸುತ್ತಿದ್ದರು. ಮಧ್ಯಾಹ್ನದ ಮಂಪರಿನಲ್ಲಿ ನಮಗದು ಕಂಡೇಬಿಡುತ್ತಿತ್ತು: ರೋಮಿನ ಪಾದ್ರಿಗಳು ನಿಷೇಧಿಸಿದ ಪುಸ್ತಕಗಳು, ಕುಣಿದವರನ್ನು ಕರೆಸಿ ವಿಚಾರಿಸುವ ಜಿನೀವಾದ ಹಿರಿಯರು, ಸರಕಿನ ಮೂಟೆಯೊಳಗೆ ಅಡಗಿ ಗಡಿ ದಾಟುವ ಹಾಳೆಗಳು. ಬೆಲ್ಲು ಹೊಡೆದರೆ ನನಗೆ ಸಿಟ್ಟೇ ಬರುತ್ತಿತ್ತು.

"ನಿಷೇಧ ಹಾಕಿದವರು ಕೆಟ್ಟವರಲ್ಲ ಮಾರಾಯ್ರೆ" ಎನ್ನುತ್ತಿದ್ದರು. "ಕೆಟ್ಟ ಪುಸ್ತಕ ವಿಷ, ಜನ ಸಣ್ಣ ಮಕ್ಕಳು ಅಂತ ನಂಬಿದ್ರು. ಆದ್ರೆ ವಿಷ ಹೌದಾ ಅಂತ ರುಚಿ ನೋಡುದು ಮಾತ್ರ ಅವರೇ!"

ಆ ವರ್ಷ ಮನೆಯಲ್ಲಿ ನನ್ನನ್ನು ಕೇಳದೆ ನನ್ನ ಮದುವೆಯ ಮಾತು ಮುಗಿದಿತ್ತು. ಓದು ಅರ್ಧಕ್ಕೇ ನಿಲ್ಲುವುದಿತ್ತು. ಅಪ್ಪನೆದುರು ಬಾಯಿ ಬಾರದ ನಾನು ಕಾಲೇಜಿನ ವಾರ್ಷಿಕೋತ್ಸವಕ್ಕೊಂದು ನಾಟಕ ಬರೆದು, ಹೇಳಬೇಕಾದ್ದನ್ನೆಲ್ಲ ಅದರೊಳಗಿನ ಹುಡುಗಿಯ ಬಾಯಿಗೆ ಹಾಕಿದೆ. ಆಡಳಿತ ಸಮಿತಿಯವರು ಅದನ್ನು ತಿದ್ದಲು ಕೊಟ್ಟದ್ದು ಇದೇ ಮೇಷ್ಟ್ರಿಗೆ. ವಾಪಸು ಬಂದಾಗ ಆ ಹುಡುಗಿಯ ಮಾತಿನ ಮೇಲೆಲ್ಲ ಕೆಂಪು ಗೆರೆ.

"ನೀವೂ ಜಿನೀವಾದವರೇ ಆದಿರಲ್ಲ ಸರ್!" ಎಂದು ಅತ್ತೇಬಿಟ್ಟೆ.

"ನಾನು ಗೆರೆ ಹಾಕದಿದ್ರೆ ಸಮಿತಿಯವರು ನಾಟಕವನ್ನೇ ನಿಲ್ಲಿಸ್ತಿದ್ರು. ಬರೆದದ್ದು ಅವರ ಕೈಗೆ ಸಿಗ್ತದೆ ನೋಡು" ಎಂದರು, ಕಣ್ಣು ಕಿಟಕಿಯಾಚೆ. "ತಾಳಮದ್ದಳೆ ಮಾಡಿ. ಅದರ ಅರ್ಥವನ್ನು ಯಾರಾದ್ರೂ ಬರೆದು ಕೊಡುದುಂಟಾ?"

ಇಲ್ಲವಲ್ಲ! ವೇಷ, ಕುಣಿತವಿಲ್ಲದ ಯಕ್ಷಗಾನವದು; ಭಾಗವತರು ಪದ ಹಾಡಿದರೆ, ಕುಳಿತವರು ಆ ಗಳಿಗೆಗೆ ತೋಚಿದಂತೆ ಅರ್ಥ ಹೇಳುವುದು. ಪದಗಳನ್ನು ಓದಿದ ಸಮಿತಿ, ಪುರಾಣದ ಕಥೆ ತಾನೇ ಎಂದು ಒಪ್ಪಿತು. ನಾನು ರಾಜಕುಮಾರಿ, ಸಹಪಾಠಿಯೊಬ್ಬ ಅವಳ ತಂದೆ ರಾಜ. ಹೇಳುತ್ತಾ ಹೇಳುತ್ತಾ ಎದುರಿಗೆ ಕುಳಿತ ರಾಜ ಎಲ್ಲೋ ಕರಗಿಹೋದ. ಸಭೆಯಲ್ಲಿದ್ದ ಅಪ್ಪ ಮಾತ್ರ ಉಳಿದರು.

"ಕೊಟ್ಟ ಮಾತು ಉಳಿಸಿಕೊಳ್ಳಿ ತಂದೆ. ಆದರೆ ಕೊಡುವ ಮೊದಲು ನನ್ನನ್ನೊಂದು ಮಾತು ಕೇಳಿದಿರಾ?"

ಸಮಿತಿಯ ಹಿರಿಯರು ಪಕ್ಕದಲ್ಲಿದ್ದ ಮೇಷ್ಟ್ರತ್ತ ಬಾಗಿ, "ಎಂತ ಇದು? ತೆಗೆಸಿ ಅದನ್ನು" ಎಂದರಂತೆ.

"ಎಲ್ಲಿಂದ ತೆಗಿಯುದು ಮಾರಾಯ್ರೆ? ಹೇಳಿ ಆಯ್ತಲ್ಲ" ಎಂದರಂತೆ ಇವರು.

ಅಪ್ಪ, ನಾನು ನಮ್ಮೂರು ಜಾಲ್ಸೂರಿನಲ್ಲಿ ಬಸ್ಸಿಳಿದೆವು. ನನ್ನ ಮುಖ ನೋಡದೆ ಅಪ್ಪ, "ನಿನ್ನ ಪರೀಕ್ಷೆ ಯಾವಾಗ?" ಎಂದು ಕೇಳಿದರು.

ಎಷ್ಟೋ ವರ್ಷಗಳ ನಂತರ ಮೇಷ್ಟ್ರು ತೀರಿಕೊಂಡಾಗ, ಪುತ್ತೂರಿನ ಹತ್ತಿರದ ಸವಣೂರಿನ ಅವರ ಮನೆಗೆ ಹೋಗಿದ್ದೆ. ಬಿಳಿ ಬಟ್ಟೆಯ ಅಂಚಿನಲ್ಲಿ ಕಂಡ ಆ ಬೆರಳಲ್ಲಿ ಶಾಯಿ ಇರಲಿಲ್ಲ. ತುಂಬ ದುಃಖವಾಯಿತು. ಆ ಹೊತ್ತಿಗೆ ನಾನೂ ಇತಿಹಾಸ ಕಲಿಸುತ್ತಿದ್ದೆ. ಮರುದಿನ ತರಗತಿಯಲ್ಲಿ ಯುರೋಪಿನ ಪಾಠ ತೆಗೆದೆ. ನನ್ನ ಬೆರಳು ತಾನಾಗಿಯೇ ಕಿಟಕಿಯಾಚೆ ಚಾಚಿಕೊಂಡಿತು.