ಮುಂದಿನ ಸೀಟಿನ ಡ್ರಿಲ್ ಬಟ್ಟೆ

ಚನ್ನಗಿರಿಯಲ್ಲಿದ್ದ ನನ್ನ ವಾರಗಿತ್ತಿ ತಮ್ಮ ಕಾರಿನ ಸೀಟುಗಳಿಗೆ ಕೆಂಪು ಮಕಮಲ್ಲಿನ ಕವರ್ ಹಾಕಿಸಿದ್ದಾಳೆ ಎಂಬ ಸುದ್ದಿ ಹೊನ್ನಾಳಿಯ ನಮ್ಮ ಮನೆಗೆ ಮುಟ್ಟಿದ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಮಾವನವರು ಬದುಕಿದ್ದಾಗ ಇಬ್ಬರು ಗಂಡುಮಕ್ಕಳಿಗೂ ಒಂದೇ ಮಾಡೆಲ್ಲಿನ ಅಂಬಾಸಿಡರ್ ಕೊಡಿಸಿದ್ದರು. ಅಡಿಕೆ ವ್ಯಾಪಾರದ ಭಾವನವರ ಕಾರು ಮದುವೆ ಸೀಮಂತಗಳಿಗಷ್ಟೇ ಹೊರಗೆ ಬರುತ್ತಿತ್ತು. ನಮ್ಮದು ದಿನಾ ದುಡಿಯುವ ಕಾರು. ನಾನೂ ನನ್ನವರೂ ನ್ಯಾಮತಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆವು, ಅವರು ಗಣಿತ, ನಾನು ಇಂಗ್ಲಿಷ್.

ಅರ್ಧ ದಾರಿಯಲ್ಲಿ ಇಬ್ಬರು ಮೇಷ್ಟ್ರು ಹತ್ತಿ ಹಿಂದೆ ಕೂರುತ್ತಿದ್ದರು. ಅಲ್ಲಿಯವರೆಗೆ ಕಾರು ನಮ್ಮಿಬ್ಬರದೇ. ಅತ್ತೆಯವರ ಎದುರು ಗಂಡನ ಜೊತೆ ನಿಂತು ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ನಾನು ಅವರೊಂದಿಗೆ ಹರಟಿದ್ದು, ಜಗಳವಾಡಿದ್ದು, ನಕ್ಕಿದ್ದು ಎಲ್ಲಾ ಆ ಮುಂದಿನ ಸೀಟಿನಲ್ಲೇ. ಅದೊಂದು ಬೆಂಚಿನ ಹಾಗೆ ಉದ್ದಕ್ಕೆ ಒಂದೇ ಸೀಟು. ರೆಕ್ಸಿನ್ ಹರಿದು ಒಳಗಿನ ನಾರು ಇಣುಕುತ್ತಿತ್ತು. ಆನೆಸ್ಟ್ಲಿ, ಮಕಮಲ್ಲಿನ ಸುದ್ದಿ ಬರುವವರೆಗೆ ನಾನು ಅದನ್ನು ಸರಿಯಾಗಿ ನೋಡಿರಲೂ ಇಲ್ಲ.

ಹೊಟ್ಟೆ ಉರಿಯಲು ಇನ್ನೊಂದು ಕಾರಣವಿತ್ತು. ವರ್ಷಕ್ಕೊಮ್ಮೆ ನಮ್ಮ ಮನೆತನದ ಗುರುಗಳನ್ನು ಪಾದಪೂಜೆಗೆ ಹೊನ್ನಾಳಿಯ ಮನೆಗೆ ಕರೆತರುತ್ತಿದ್ದೆವು. ಯಾರ ಕಾರಿನಲ್ಲಿ ಅವರು ಬಂದಿಳಿಯುತ್ತಾರೋ ಆ ಸೊಸೆಯೇ ಮೊದಲು ಪಾದಕ್ಕೆ ನೀರೆರೆಯಬೇಕು. ಪ್ರತಿ ಸಲವೂ ಚನ್ನಗಿರಿಯ ಕಾರು, ಪ್ರತಿ ಸಲವೂ ನಾನು ಅಕ್ಕ ಎನ್ನುತ್ತಿದ್ದ ಆ ವಾರಗಿತ್ತಿಯ ಕೈಯಲ್ಲಿ ತಂಬಿಗೆ. ನಾನು ಹಿಂದೆ ಟವೆಲ್ ಹಿಡಿದು ನಿಲ್ಲುವವಳು.

"ಈ ಸಲ ನಮ್ಮ ಕಾರು ಹೋಗ್ಲಿ ಅತ್ತೆ" ಎಂದೆ.

"ಆ ನಾರಿನ ಮ್ಯಾಲೆ ಗುರುಗಳನ್ನ ಹೆಂಗವ್ವಾ ಕೂರ್ಸಾಕಾಗುತ್ತೆ?" ಎಂದರು ಅತ್ತೆ. "ಅವ್ರಿಗೇನು ಮೊಳೆ ಹಾಸಿಗೆ ಮ್ಯಾಲೆ ತಪಸ್ಸು ಮಾಡ್ಸಬೇಕಂತೀಯಾ?"

ಮರುದಿನವೇ ಬಟ್ಟೆ ಅಂಗಡಿಗೆ ಹೋದೆ. ಅಂಗಡಿಯವರು ಹೊಸ ರೆಕ್ಸಿನ್ ತೋರಿಸಿದರು. ಬೇಸಿಗೆಯಲ್ಲಿ ಅದು ಬೆನ್ನಿಗೆ ಅಂಟಿ, ಏಳುವಾಗ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಮಕಮಲ್ ತೋರಿಸಿದರು. ಮುಟ್ಟಿಯೂ ನೋಡಲಿಲ್ಲ. ಮೇಲಿನ ಕಪಾಟಿನಲ್ಲಿದ್ದ ದಪ್ಪ ಹಸಿರು ಡ್ರಿಲ್ ಇಳಿಸಿ ಎಂದೆ.

"ಅಕ್ಕಾರೆ, ಇದು ಚಡ್ಡಿ ಹೊಲಿಸೋ ಬಟ್ಟೆ ಕಣ್ರೀ!"

"ಚಡ್ಡಿಯಷ್ಟು ತಿಕ್ಕಾಟ ಬೇರೆ ಯಾವ ಬಟ್ಟೆ ತಾಳುತ್ತೆ ಹೇಳ್ರಿ?" ಎಂದೆ. ಅವರು ನಗುತ್ತಲೇ ಅಳೆದರು.

ಜಗಳೂರಿನ ಹುಡುಗಿ ನಾನು. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಓದುವಾಗ ನೀಡಲ್‌ವರ್ಕ್ ಕ್ಲಾಸಿನಲ್ಲಿ ಕಲಿತದ್ದು ಮೊದಲ ಬಾರಿಗೆ ಕೆಲಸಕ್ಕೆ ಬಂತು. ಡ್ರಿಲ್ಲನ್ನು ರಾತ್ರಿಯಿಡೀ ನೆನೆಸಿ, ಒಣಗಿಸಿ, ಕುಗ್ಗುವಷ್ಟು ಕುಗ್ಗಲು ಬಿಟ್ಟೆ. ಹಳೆಯ ನ್ಯೂಸ್‌ಪೇಪರುಗಳನ್ನು ಅಂಟಿಸಿ ಸೀಟಿನ ಮೇಲೆ ಹರಡಿ, ಮೂಲೆ ಮೂಲೆಗೂ ಗುಂಡುಪಿನ್ನು ಚುಚ್ಚಿ ಪ್ಯಾಟರ್ನ್ ತೆಗೆದೆ. ಅಂಚಿಗೆ ಕೆನೆಬಣ್ಣದ ಪೈಪಿಂಗ್. ಸೀಟಿನಡಿಯ ಸ್ಪ್ರಿಂಗಿಗೆ ಕಟ್ಟಲು ಲಾಡಿ.

"ಏನೇ, ಕಾರಿಗೆ ಜಂಪರ್ ಹೊಲಿತಾ ಇದೀಯಾ?" ಎಂದರು ನನ್ನವರು.

"ನಿಮ್ಮ ಅತ್ತಿಗೆ ಸೀರೆ ಉಡ್ಸಿದಾರಲ್ಲ, ಅದಕ್ಕಿಂತ ವಾಸಿ ಬಿಡ್ರಿ."

ಹಾಕಿದ ಮೇಲೆ ಒಂದು ಸುಕ್ಕಿಲ್ಲ. ಮೂಸಂಬಿಗೆ ಅದರ ಸಿಪ್ಪೆ ಕೂತ ಹಾಗೆ ಕೂತಿತ್ತು. ಅಕ್ಕ ಚನ್ನಗಿರಿಯಿಂದ ನೋಡಲೆಂದೇ ಬಂದಳು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಪೈಪಿಂಗನ್ನು ಉಗುರಿನಿಂದ ಮೀಟಿ, "ಚೆನ್ನಾಗೈತೆ ತಂಗಿ. ಪೊಲೀಸ್ ವ್ಯಾನ್ ಇದ್ದಂಗೈತೆ" ಎಂದಳು. ಆದರೆ ಅತ್ತೆ ಎರಡೂ ಕಾರಿನಲ್ಲಿ ಕೂತು ನೋಡಿದರು. ಮಕಮಲ್ಲಿನ ಕವರ್ ಅವರು ಸರಿದ ಕಡೆಗೆಲ್ಲಾ ತಾನೂ ಸರಿದು, ಕೊನೆಗೆ ಅವರ ಬೆನ್ನ ಹಿಂದೆ ಮುದ್ದೆಯಾಗಿ ಕೂತಿತು.

"ಈ ವರ್ಷ ಸಣ್ಣೋನ ಕಾರೇ ಹೋಗ್ಲಿ" ಎಂದರು ಅತ್ತೆ. ಮೈ ಗುಡ್ನೆಸ್, ಅಕ್ಕನ ಮುಖ ನೋಡಬೇಕಿತ್ತು.

ಗುರುಗಳು ಕೂರುವ ಮುಂದಿನ ಸೀಟಿನ ಮೇಲೆ ಬಿಳಿಯ ಮಡಿಬಟ್ಟೆ ಹಾಸುವುದು ಪದ್ಧತಿ. ಅವರು ಇಳಿದ ಮೇಲೆ ಆ ಬಟ್ಟೆಯನ್ನು ತೆಗೆದು ದೇವರ ಮನೆಯಲ್ಲಿ ಇಡುತ್ತಾರೆ, ಅದರ ಮೇಲೆ ಮತ್ತೆ ಯಾರೂ ಕೂರುವುದಿಲ್ಲ. ಅತ್ತೆ ಆ ಬೆಳಗ್ಗೆ ಬಟ್ಟೆ ಹಾಸಿ ಒಳಗೆ ಹೋದರು. ನನ್ನ ಪೈಪಿಂಗ್ ಪೂರ್ತಿ ಮುಚ್ಚಿಹೋಗಿತ್ತು. ಅಕ್ಕನ ಕಣ್ಣಿಗೆ ಬೀಳಲಿ ಅಂತಲೇ ಅಲ್ಲವೇ ನಾನು ಇಷ್ಟೆಲ್ಲಾ ಹೊಲಿದದ್ದು? ಮಡಿಬಟ್ಟೆ ಎತ್ತಿ ಮಡಚಿ ಹಿಂದಿನ ಸೀಟಿಗೆ ಹಾಕಿದೆ. ಗುರುಗಳು ಬರೀ ಡ್ರಿಲ್ಲಿನ ಮೇಲೆ ಕೂತು ಬಂದರು. ನಾನು ತಂಬಿಗೆ ಹಿಡಿದೆ. ಅಕ್ಕ ಟವೆಲ್ ಹಿಡಿದಳು. ಅಷ್ಟು ಸುಖದ ಬೆಳಗು ನನ್ನ ಸಂಸಾರದಲ್ಲಿ ಕಡಿಮೆಯೇ.

ಮರುದಿನ ಸ್ಕೂಲಿಗೆ ಹೊರಟು ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಹಿಂದೆ ಕೂತ್ಕಾಳವ್ವಾ" ಎಂದರು ಅತ್ತೆ. "ಮಡಿಬಟ್ಟೆ ಇಲ್ದೆ ಗುರುಗಳು ಕೂತವ್ರೆ. ಇನ್ನು ಆ ಕವರ್ರೇ ಮಡಿಬಟ್ಟೆ." ಸೀಟಿನ ಮೇಲೆ ಆಗಲೇ ವಿಭೂತಿ, ಒಂದು ಹೂವು.

"ನಿಮ್ಮ ಮಗನೂ ಅದೇ ಕವರ್ ಮೇಲೆ ಕೂರ್ತಾರಲ್ಲ ಅತ್ತೆ?"

"ಅವ್ನು ಗುರುಗಳ ಸಾರಥಿ. ನೀನೇನು?"

ಹಿಂದೆ ಕೂತೆ. ಅರ್ಧ ದಾರಿಯಲ್ಲಿ ಮೇಷ್ಟ್ರಿಬ್ಬರೂ ಹತ್ತಿ, ಮುಂದಿನ ಸೀಟಿಗೆ ಕೈ ಮುಗಿದು, ನನಗೆ ತಾಗದಂತೆ ಆ ಕಡೆಯ ಬಾಗಿಲಿಗೆ ಒತ್ತಿಕೊಂಡು ಕೂತರು. ನಡುವೆ ನನ್ನ ಟಿಫಿನ್ ಕ್ಯಾರಿಯರ್. ನಾನು ಏನು ಹೇಳಿದರೂ ಇಂಜಿನ್ ಸದ್ದಿನಲ್ಲಿ ನನ್ನವರು "ಏನಂದೆ?" ಎನ್ನುತ್ತಿದ್ದರು. ಎರಡು ಸಲ ಹೇಳಿದ ಮಾತಿನಲ್ಲಿ ರುಚಿ ಎಲ್ಲಿ ಉಳಿಯುತ್ತದೆ? ಆಮೇಲೆ ಹೇಳುವುದನ್ನೇ ಬಿಟ್ಟೆ.

"ಊರು ದಾಟಿದ ಮೇಲೆ ಮುಂದೆ ಬರ್ತೀನ್ರೀ" ಎಂದೆ ಒಮ್ಮೆ.

"ಬ್ಯಾಡ ಮಾರಾಯ್ತಿ. ಅವ್ವ ಕೇಳಿದ್ರೆ ನನ್ನ ಮುಖ ನೋಡೇ ಕಂಡುಹಿಡೀತಾಳೆ."

ಒಂದು ಭಾನುವಾರ ಅಕ್ಕ, ಭಾವ ಬಂದರು. ಕಾರಿನಲ್ಲಿ ಅವಳು ಮುಂದೆ ಕೂತು, ಮೊಣಕೈ ಕಿಟಕಿಯ ಮೇಲಿಟ್ಟು, ಭಾವ ಹೇಳಿದ್ದಕ್ಕೇನೋ ನಗುತ್ತಿದ್ದಳು. ಬೆನ್ನ ಹಿಂದೆ ಮಕಮಲ್ ಸುಕ್ಕುಸುಕ್ಕು. ಆ ಸುಕ್ಕು ನನಗೆ ಕಾಣಲೇ ಇಲ್ಲ, ಆ ನಗು ಕಂಡಿತು.

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ಅತ್ತೆ, ಆ ಮುಂದಿನ ಕವರ್ ನನಗೆ ಕೊಡಿಸ್ರಿ. ದೇವರ ಮನೆ ಮಣೆಗೆ ಹಾಸ್ತೀನಿ. ಇಲ್ಲಿ ಧೂಳಾಗೆ ಯಾಕೆ ಓಡಾಡಬೇಕು ಅದು?"

ಅತ್ತೆ ನನ್ನ ಕಡೆ ನೋಡಿದರು. ಕೊಟ್ಟರೆ ಸೀಟು ನನಗೆ ವಾಪಸ್ಸು. ಕೊಡದಿದ್ದರೆ ಕವರ್ ನನ್ನದು, ಆದರೆ ಹಿಂದೆ ಕೂತು ನೋಡಲಿಕ್ಕೆ. ಅನ್ನ ಕಲೆಸುತ್ತಲೇ ಇದ್ದೆ. ನನ್ನವರು ತಲೆ ಎತ್ತಲಿಲ್ಲ, ಆದರೆ ಅವರೂ ಕಲೆಸುತ್ತಲೇ ಇದ್ದರು, ತುತ್ತು ಎತ್ತಿರಲಿಲ್ಲ.

"ತಗಂಡು ಹೋಗಕ್ಕಾ" ಎಂದೆ.

ಲಾಡಿ ಬಿಚ್ಚಲು ನಾನೇ ಸೀಟಿನಡಿ ಬಗ್ಗಿದೆ. ನಾನೇ ಹಾಕಿದ ಗಂಟು, ಎಷ್ಟು ಬಿಗಿ ಅಂತೀರಿ! ಅಕ್ಕ ಪಕ್ಕದಲ್ಲೇ ನಿಂತು, "ನಿಧಾನ ತಂಗಿ, ಪೈಪಿಂಗ್ ಕಿತ್ತೀತು" ಎನ್ನುತ್ತಿದ್ದಳು.

ಮುಂದೆ ಚನ್ನಗಿರಿಗೆ ಹೋದಾಗಲೆಲ್ಲಾ ಬಂದವರಿಗೆ ಅವಳು ಅದನ್ನು ತೋರಿಸಿ ಹೇಳುವುದನ್ನು ಕೇಳಿದ್ದೇನೆ. "ಗುರುಗಳು ಕೂತಿದ್ದು. ನಮ್ಮನೇಲೇ ಹೊಲಿಸಿದ್ದು." ಮಣೆಯ ಎರಡೂ ಕಡೆ ಡ್ರಿಲ್ ಜೋತುಬಿದ್ದಿತ್ತು. ಯಾರು ಹೊಲಿದದ್ದು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಷ್ಟು ವಯಸ್ಸಾಗಿ, ಅವಳೂ ಹೋಗಿ, ಈಗಲೂ ಆ ಮಾತು ನೆನಪಾದರೆ ಎದೆಯಲ್ಲಿ ಚುರ್ ಎನ್ನುತ್ತದೆ.

ಕವರ್ ಕೊಟ್ಟ ಮರುದಿನ ನಾರಿನ ಮೇಲೆ ಒಂದು ಗೋಣಿಚೀಲ ಹಾಸಿ ಮುಂದೆ ಕೂತೆ. ಊರು ದಾಟಿದ ಮೇಲೆ ನನ್ನವರು ನನ್ನ ಕಡೆ ತಿರುಗಿದರು.

"ಚುಚ್ಚುತ್ತಾ?" ಎಂದರು.

"ಚುಚ್ಚುತ್ತೆ."

"ಮತ್ತೊಂದು ಹೊಲಿ."

"ನೋ ಥ್ಯಾಂಕ್ಯೂ" ಎಂದೆ. ಆಮೇಲೆ ಇಷ್ಟು ದಿನ ಹೇಳದೆ ಉಳಿದಿದ್ದ ಮಾತುಗಳನ್ನೆಲ್ಲಾ ಶುರು ಮಾಡಿದೆ. ಅದರಲ್ಲಿ ಮುಕ್ಕಾಲು ಪಾಲು ಅವರ ಅತ್ತಿಗೆಯ ಮೇಲಿನ ದೂರು. ಮೇಷ್ಟ್ರಿಬ್ಬರೂ ಕಾಯುತ್ತಿದ್ದ ಜಾಗ ಬಂದಾಗ ಇನ್ನೂ ಮುಗಿದಿರಲಿಲ್ಲ. ನನ್ನವರು ಕಾರು ನಿಲ್ಲಿಸದೆ ಸ್ವಲ್ಪ ಮುಂದಕ್ಕೆ ಹೋಗಿ, "ಹ್ಞೂಂ, ಬೇಗ ಹೇಳು" ಎಂದು, ಆಮೇಲೆ ರಿವರ್ಸ್ ತೆಗೆದುಕೊಂಡರು.