ಹಾಲು ಕರೆಯುವ ಯಂತ್ರದ ಎಣ್ಣೆ

ಸುಳ್ಯ, ಕಡಬದ ದನದ ಹಟ್ಟಿಗಳಿಗೆ ಹಾಲು ಕರೆಯುವ ಯಂತ್ರ ಮಾರಿ, ರಿಪೇರಿ ಮಾಡಿ ಮೇಲೆ ಬಂದವ ನಾನು. ಪುತ್ತೂರಿನಲ್ಲಿ ಹಳೆ ಮೆಷಿನುಗಳ ಅಂಗಡಿ ಉಂಟು. ಹಾಲಿನ ಯಂತ್ರ ಕೆಲಸ ಮಾಡುವುದೂ ಗಾಳಿ ಎಳೆದೇ. ಹಾಗಾಗಿ ಕಾಲೇಜಿನ ಫಿಸಿಕ್ಸ್ ಮೇಡಂ ಒಬ್ಬರು ಗಾಳಿ ಎಳೆಯುವ ಪಂಪು ಕೇಳಿಕೊಂಡು ಬಂದಾಗ ನನಗದು ಹೊಸ ವಿಷಯ ಅನ್ನಿಸಲಿಲ್ಲ.

ಅವರದ್ದು ಪಿಎಚ್‌ಡಿ ಕೆಲಸ. ದೊಡ್ಡ ಗಾಜಿನ ಮುಚ್ಚಳದೊಳಗಿನ ಗಾಳಿಯನ್ನೆಲ್ಲ ಎಳೆದು, ಒಳಗೆ ಚಿಟಿಕೆ ನೀಲಿ ಪುಡಿ ಕಾಯಿಸಬೇಕು. ಅದು ಆವಿಯಾಗಿ ಮೇಲೆ ಕಟ್ಟಿದ ಗಾಜಿನ ಚೂರಿಗೆ ಅಂಟಬೇಕು, ಕೂದಲಿಗಿಂತ ಎಷ್ಟೋ ತೆಳ್ಳಗೆ. ಆ ಪದರದ ಮೇಲೆ ಬೆಳಕು ಬಿದ್ದರೆ ಕರೆಂಟು ಹುಟ್ಟುತ್ತದಂತೆ.

ನಾನು ಮಾರಿದ ಹಳೆ ಪಂಪಿಗೆ ಯಾವ ಎಣ್ಣೆ ಎಂದು ಮೇಡಂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅದು ಮಂಗಳೂರಿಂದ ಬರಬೇಕು, ತಡ. ಹಾಲಿನ ಯಂತ್ರಕ್ಕೆ ಹಾಕುವ ಎಣ್ಣೆ ಅಂಗಡಿಯಲ್ಲೇ ಇತ್ತು. ಎರಡೂ ಗಾಳಿ ಎಳೆಯುವುದೇ ಅಲ್ವಾ ಎಂದು ಅದನ್ನೇ ಹೊಯ್ದೆ. ಹೇಳಲಿಲ್ಲ.

ಎಂಟು ತಿಂಗಳ ನಂತರ ಬೆಲ್ಟ್ ಬದಲಿಸಲು ಹೋದೆ. ಮೇಡಂ ಸೊರಗಿ ಹೋಗಿದ್ದರು.

“ಎಂತ ಮೇಡಂ, ಹುಷಾರಿಲ್ವಾ?”

“ಪದರ ಸರಿಯಾಗಿ ಕೂರುದೇ ಇಲ್ಲ ಕಾಕ. ಬರೀ ಚುಕ್ಕೆ. ತಿಂಗಳ ಕೊನೆಗೆ ಒಂದಾದರೂ ಒಳ್ಳೆಯದು ತೋರಿಸದಿದ್ದರೆ ನನ್ನ ಪಿಎಚ್‌ಡಿ ಮುಗೀತು.”

“ಮಳೆಗಾಲದ ಥಂಡಿ ಇರ್ಬಹುದು. ಗಾಜು ಬಿಸಿನೀರಲ್ಲಿ ತೊಳೀರಿ,” ಎಂದೆ. ಉಪದೇಶಕ್ಕೆ ನನಗೆ ಹೊತ್ತುಗೊತ್ತಿಲ್ಲ.

“ಎಲ್ಲ ಮಾಡಿ ಆಯ್ತು. ನನ್ನ ಕೈಯೇ ಸರಿ ಇಲ್ಲ.”

ಒಂದು ಗಾಜಿನ ಚೂರು ಕೊಟ್ಟರು. ಕಿಟಕಿಗೆ ಓರೆ ಹಿಡಿದೆ. ನೀಲಿಯ ನಡುವೆ ಬೋಳು ಮಚ್ಚೆಗಳು, ಸುತ್ತ ಬಣ್ಣಬಣ್ಣದ ಅಂಚು. ಅಂಗಡಿ ಅಂಗಳದಲ್ಲಿ ಎಣ್ಣೆ ಬಿದ್ದ ಮಳೆನೀರಿನ ಮೇಲೆ ಆ ಬಣ್ಣವನ್ನು ದಿನಾ ನೋಡಿದವ ನಾನು. ಪಂಪಿನಿಂದ ಎಣ್ಣೆಯ ಹಬೆ ಹಿಂದಕ್ಕೆ ಹೋಗಿ ಗಾಜಿಗೆ ಕೂತಿತ್ತು.

ಮಾರಿದ ಮಾಲಿನ ತಪ್ಪನ್ನು ನೀವಾಗಿ ಬಾಯಿ ಬಿಡಬೇಡಿ ಎಂದು ಎಷ್ಟೋ ಜನರಿಗೆ ನಾನೇ ಕಲಿಸಿದ್ದೇನೆ. ಬೆಲ್ಟಿನ ಜೊತೆ ಸದ್ದಿಲ್ಲದೆ ಎಣ್ಣೆಯನ್ನೂ ಬದಲಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮೇಡಂ ತಮ್ಮ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು.

“ಕೈ ಸರಿ ಉಂಟು ಮೇಡಂ. ಎಣ್ಣೆ ಸರಿ ಇಲ್ಲ. ನಾನು ಹಾಕಿದ್ದು ಹಟ್ಟಿಯ ಮೆಷಿನಿನದ್ದು.”

ಅವರು ಬೈಯಲಿಲ್ಲ. ಬೈದಿದ್ದರೆ ಚೌಕಾಸಿ ಮಾಡಬಹುದಿತ್ತು. “ಎಂಟು ತಿಂಗಳು, ಮಾರಾಯ್ರೆ,” ಎಂದರು, ಅಷ್ಟೇ.

ಮರುದಿನವೇ ಮಂಗಳೂರಿಗೆ ಹೋಗಿ ಸರಿಯಾದ ಎಣ್ಣೆ ಹುಡುಕಿ ತಂದೆ. ಸೀಲನ್ನು ಅವರ ಎದುರೇ ಒಡೆದೆ. ಪಂಪು ಬಿಚ್ಚಿ ತೊಳೆದೆ. ಪೈಪು, ಮುಚ್ಚಳಗಳನ್ನು ಅವರು ಸ್ಪಿರಿಟ್ಟಿನಲ್ಲಿ ಒರೆಸಿದರು. ನಿಮಗೂ ಹೇಳುವುದಿಷ್ಟೆ, ಚೀಟಿಯಲ್ಲಿ ಬರೆದದ್ದನ್ನೇ ಕೊಡಿ. ಇಲ್ಲದಿದ್ದರೆ ಇಲ್ಲ ಅನ್ನಿ.

ಹಳೆ ಎಣ್ಣೆಯ ಪಸೆ ಉಳಿದಿತ್ತೋ ಏನೋ, ಮೊದಲೆರಡು ಸಲ ಮತ್ತೆ ಚುಕ್ಕೆ ಬಂತು. ಮೂರನೆಯ ಸಲ ಗಾಜು ತಣಿದ ಮೇಲೆ ಮೇಡಂ ಮುಚ್ಚಳ ಎತ್ತಿದರು. ಇಕ್ಕಳದಲ್ಲಿ ಹಿಡಿದು ನನಗೇ ಮೊದಲು ತೋರಿಸಿದರು.

“ಉಂಟಾ ಚುಕ್ಕೆ?”

ತುಂಬ ಹೊತ್ತು ನೋಡಿ “ಇಲ್ಲ” ಎಂದೆ.

ಅವರು ಅದನ್ನು ಮೈಕ್ರೋಸ್ಕೋಪಿನಡಿ ಇಟ್ಟು ತಾವೇ ನೋಡತೊಡಗಿದರು. ಅವರ ಬಾಯಿಂದಲೂ “ಇಲ್ಲ” ಎಂದು ಬರುವವರೆಗೆ ನಾನು ನಿಂತೇ ಇದ್ದೆ.